ಧೈರ್ಯ ದಂಡೆಯಲ್ಲೇ ಇರಲಿ

ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಹುಡುಗರು ಈಜು ಕಲಿಯಲು ಎಲ್ಲಿಗೂ ಹೋಗಬೇಕಿರಲಿಲ್ಲ. ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬಿಗಿದು, ಹಗ್ಗದ ತುದಿ ಹಿಡಿದ ದೊಡ್ಡವರೊಬ್ಬರು ಮೆಟ್ಟಿಲ ಮೇಲೆ ಕೂತರೆ ಅದೇ ಪಾಠಶಾಲೆ. ಅಂತರ್ಜಲ ಇಳಿದು ತೆರೆದ ಬಾವಿಯ ಜಾಗಕ್ಕೆ ಕೊಳವೆಬಾವಿ ಬಂದ ಮೇಲೆ ಆ ಪಾಠ ನಿಂತುಹೋಯಿತು. ಆರಂಗುಲದ ಕೊಳವೆಯಲ್ಲಿ ಯಾರು ತಾನೇ ಈಜುತ್ತಾರೆ? ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿರುವ ಈ ನೆಲದಲ್ಲಿ ಈಚೆಗೆ ಬೆಳೆದವರ ಪೈಕಿ ಎದೆಮಟ್ಟದ ನೀರಿನಲ್ಲಿ ಒಮ್ಮೆಯೂ ನಿಲ್ಲದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಅಂಥವರೇ ಇಂದು ಗೆಳೆಯರ ಗುಂಪು ಕಟ್ಟಿಕೊಂಡು 350 ಕಿಲೋಮೀಟರಿಗೂ ಹೆಚ್ಚು ದೂರದ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿಯುವ ಆಸೆ ಇಟ್ಟುಕೊಂಡಿರುತ್ತಾರೆ. 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಕಡಲಿಗಿಳಿದದ್ದನ್ನು ನೋಡಿದವರಿಗೆ ಆ ಆಸೆಯ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಂದರೆ ಶುರುವಾಗುವುದು ದೋಣಿಯ ಅಂಚಿನಲ್ಲಿ. ಬೆನ್ನಿಗೆ ಸಿಲಿಂಡರ್ ಏರಿದ ಮೇಲೆ, ಇಲ್ಲವೇ ಮುಖ ನೀರಿನಲ್ಲಿ ಮುಳುಗಿದ ಮೊದಲ ಅರ್ಧ ನಿಮಿಷದಲ್ಲಿ, ಎದೆ ಬಿಗಿಯುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಮಾಸ್ಕ್ ಕಿತ್ತೆಸೆಯುವಷ್ಟು ದಿಗಿಲಾಗುತ್ತದೆ. ಜೊತೆಯವರ ಹತ್ತಿರ ಇದಕ್ಕಿರುವ ಔಷಧ ಒಂದೇ: ‘ಏನೂ ಆಗಲ್ಲ, ಧೈರ್ಯ ತಗೋ.’ ಒಳ್ಳೆಯ ಮನಸ್ಸಿನಿಂದ ಹೇಳುವ ಈ ಮಾತು ತಪ್ಪು ಔಷಧ ಎಂಬುದು ನನ್ನ ವಾದ. ನೀರಿನೊಳಗಿನ ಗಾಬರಿಯಲ್ಲಿ ಹೇಡಿತನದ ಪಾಲು ಬಹಳ ಕಡಿಮೆ. ಅದರಲ್ಲಿ ಹೆಚ್ಚಿನದು ಉಸಿರಿನ ಲೆಕ್ಕ ತಪ್ಪಿದ್ದು, ಉಳಿದದ್ದು ಕಣ್ಣು, ಕಿವಿ, ಮೈ ಮೂರೂ ಒಟ್ಟಿಗೆ ಸುಳ್ಳು ಸುದ್ದಿ ಕೊಡುವುದರಿಂದ ಬಂದದ್ದು. ಎರಡಕ್ಕೂ ಅಭ್ಯಾಸದ ಮದ್ದು ಇದೆ, ಮತ್ತು ಆ ಅಭ್ಯಾಸದ ಅರ್ಧ ಭಾಗವನ್ನು ಮೊಳಕಾಲ್ಮೂರಿನ ಮನೆಯ ಹಿತ್ತಲಲ್ಲೇ ಮುಗಿಸಬಹುದು.

ಮೊದಲು ಉಸಿರು. ಉಸಿರು ಕಟ್ಟಿದಾಗ ನಮ್ಮನ್ನು ಒದ್ದಾಡಿಸುವುದು ಆಮ್ಲಜನಕ ಕಡಿಮೆಯಾದ ಸುದ್ದಿಯಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಸುದ್ದಿ. ‘ಗಾಳಿ ಬೇಕು’ ಎಂಬ ತಳಮಳಕ್ಕೆ ಕಾರಣ, ಬಹುಪಾಲು, ಒಳಗಿನ ಹಳೆಯ ಗಾಳಿ ಹೊರಗೆ ಹೋಗದಿರುವುದು. ವಯಸ್ಕರ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಸುಮಾರು 150 ಮಿಲಿಲೀಟರ್ ಗಾಳಿ ನಿಂತಿರುತ್ತದೆ. ಅದು ಶ್ವಾಸಕೋಶದ ಕೆಲಸಕ್ಕೆ ಬಾರದು, ಬರೀ ಒಳಕ್ಕೂ ಹೊರಕ್ಕೂ ತುಯ್ಯುತ್ತದೆ. ಆರಾಮಾಗಿ ಎಳೆದ 500 ಮಿಲಿಲೀಟರಿನ ಉಸಿರಿನಲ್ಲಿ 350ರಷ್ಟು ಹೊಸ ಗಾಳಿ ಸಿಕ್ಕರೆ, ಗಾಬರಿಯಲ್ಲಿ ನಾಯಿಯಂತೆ ಏದುತ್ತಾ ಎಳೆದ 250 ಮಿಲಿಲೀಟರಿನಲ್ಲಿ ಸಿಗುವುದು ಬರೀ 100. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ, ಹಲ್ಲಲ್ಲಿ ಕಚ್ಚಿಕೊಂಡ ರೆಗ್ಯುಲೇಟರ್ ಆ ಕೆಲಸಕ್ಕೆ ಬಾರದ ಜಾಗಕ್ಕೆ ಇನ್ನಷ್ಟು ಸೇರಿಸುತ್ತದೆ. ಕೆಳಗಿಳಿದಂತೆ ಗಾಳಿ ದಟ್ಟವಾಗುತ್ತದೆ, 10 ಮೀಟರಿಗೆ ಎರಡರಷ್ಟು, ಆದ್ದರಿಂದ ಅದನ್ನು ಎಳೆದು ಬಿಡಲು ಎದೆಗೆ ಹೆಚ್ಚು ಕೆಲಸ. ಹೀಗೆ ಏದುಸಿರು ಡೈಆಕ್ಸೈಡನ್ನು ಏರಿಸುತ್ತದೆ, ಡೈಆಕ್ಸೈಡ್ ದಿಗಿಲನ್ನು ಏರಿಸುತ್ತದೆ, ದಿಗಿಲು ಏದುಸಿರನ್ನು. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಸುತ್ತುತ್ತಲೇ ಇರುವ ಈ ಚಕ್ರವನ್ನು ಧೈರ್ಯದಿಂದ ನಿಲ್ಲಿಸಲಾಗದು. ಅದನ್ನು ನಿಲ್ಲಿಸುವುದು ಒಂದೇ, ಉದ್ದನೆಯ ನಿಶ್ವಾಸ.

ಕೈಯಲ್ಲಿ ಎಷ್ಟು ಗಾಳಿ ಇದೆ ಎಂಬ ಲೆಕ್ಕವೂ ಮನಸ್ಸಿಗೆ ಹಿಡಿಕೆ ಕೊಡುತ್ತದೆ. ಸಿಲಿಂಡರಿನಲ್ಲಿರುವುದು ಅನೇಕರು ಅಂದುಕೊಂಡಂತೆ ಆಮ್ಲಜನಕವಲ್ಲ, ನಾವು ದಿನವೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 11 ಲೀಟರಿನ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ ಒಟ್ಟು 2200 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40 ಬೇಕು, ಅಂದರೆ 55 ನಿಮಿಷ; ಗಾಬರಿಯಲ್ಲಿ ಅದೇ 50 ಲೀಟರಾದರೆ ಆ ಆಳಕ್ಕೆ 100, ಸಿಲಿಂಡರ್ 22 ನಿಮಿಷಕ್ಕೆ ಖಾಲಿ. ಕೊನೆಯ 50 ಬಾರ್ ಮುಟ್ಟದೆ ಮೇಲೆ ಬರುವುದು ರೂಢಿಯಾದ್ದರಿಂದ ನಿಜವಾಗಿ ಸಿಗುವ ಹೊತ್ತು ಇದಕ್ಕೂ ಕಡಿಮೆ. ಡೈವಿಂಗ್ ಸುರಕ್ಷತೆಗಾಗಿ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಹವ್ಯಾಸಿ ಡೈವರ್‌ಗಳ 947 ಸಾವುಗಳ ದಾಖಲೆ ಪರಿಶೀಲಿಸಿದ್ದರು. ಅನಾಹುತ ಎಲ್ಲಿಂದ ಶುರುವಾಯಿತೆಂದು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಶೇ 41ರಷ್ಟರಲ್ಲಿ ಮೊದಲ ಕಾರಣ ಗಾಳಿ ಸಾಲದೆ ಹೋದದ್ದು. ಉಪಕರಣದ ತೊಂದರೆಯ ಪಾಲು ಶೇ 15 ಮಾತ್ರ. ಹೊಸಬರ ಹೆದರಿಕೆಯೆಲ್ಲ ‘ಪೈಪು ಕಿತ್ತುಹೋದರೆ? ಸಿಲಿಂಡರ್ ಕೆಟ್ಟರೆ?’ ಎಂಬ ಕಡೆ ಇರುತ್ತದೆ. ನೋಡಬೇಕಾದದ್ದು ಯಂತ್ರಕ್ಕಿಂತ ಮೊದಲು ನಮ್ಮ ಉಸಿರನ್ನು, ಅದರ ಬೆನ್ನಿಗೇ ಉಳಿದ ಗಾಳಿ ತೋರಿಸುವ ಗೇಜಿನ ಮುಳ್ಳನ್ನು.

‘ಈಜು ಬರುವವರಿಗೆ ಈ ರಗಳೆ ಇಲ್ಲ, ಈಜು ಬಾರದವರು ಹೋಗಲೇಬಾರದು’ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪಾಡಿಯಂಥ ತರಬೇತಿ ಸಂಸ್ಥೆಗಳ ಓಪನ್ ವಾಟರ್ ಕೋರ್ಸಿನಲ್ಲಿ 200 ಮೀಟರ್ ಈಜಿ, 10 ನಿಮಿಷ ತೇಲಿ ತೋರಿಸಬೇಕು. ಆ ಸರ್ಟಿಫಿಕೇಟಿನ ಮೇಲೆ 18 ಮೀಟರಿನವರೆಗೆ ಇಳಿಯಬಹುದು. ನೇತ್ರಾಣಿಯಲ್ಲಿ ಹೆಚ್ಚಿನವರು ಮಾಡುವುದು ಒಂದೇ ದಿನದ ಪರಿಚಯದ ಡೈವ್, ಅದಕ್ಕೆ ಈಜು ಕಡ್ಡಾಯವಲ್ಲ, ಇನ್‌ಸ್ಟ್ರಕ್ಟರ್ ಪೂರ್ತಿ ಹೊತ್ತು ಸಿಲಿಂಡರ್ ಹಿಡಿದು ಜೊತೆಗಿರಬೇಕು, 12 ಮೀಟರ್ ಮೀರುವಂತಿಲ್ಲ. ಈಜು ಬಂದರೆ ನೀರಿನ ಸ್ಪರ್ಶಕ್ಕೆ ಮೈ ಬೆಚ್ಚುವುದಿಲ್ಲ, ಅಷ್ಟು ಲಾಭ ಖಂಡಿತ. ಆದರೆ ಬಾವಿಯ ಈಜುಗಾರ ಕಲಿತ ಮುಖ್ಯ ವಿದ್ಯೆಯೇ ಸ್ಕೂಬಾಗೆ ಮುಳುವು. ದಡದಿಂದ ಧುಮುಕುವವನು ಮೊದಲು ದಮ್ಮು ಕಟ್ಟುತ್ತಾನೆ. ಸ್ಕೂಬಾದಲ್ಲಿ ದಮ್ಮು ಕಟ್ಟುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದ ಗಾಳಿ ಮೇಲ್ಮೈಗೆ ಬರುವ ಹೊತ್ತಿಗೆ ಎರಡರಷ್ಟು ಹಿಗ್ಗುತ್ತದೆ. ಅದಕ್ಕೆ ದಾರಿ ಬಿಡದೆ ಬಾಯಿ ಬಿಗಿದುಕೊಂಡರೆ ಶ್ವಾಸಕೋಶವೇ ಹರಿದೀತು, ಗಾಳಿಯ ಗುಳ್ಳೆ ರಕ್ತಕ್ಕೆ ನುಗ್ಗೀತು. ಇದಕ್ಕೆ ಭಾರೀ ಆಳವೂ ಬೇಕಿಲ್ಲ, ಎರಡಾಳಿನ ನೀರಿನಿಂದ ಉಸಿರು ಕಟ್ಟಿ ಮೇಲೆ ಬಂದರೂ ಆಗಬಹುದು. ಆದ್ದರಿಂದ ಈಜು ಬರುವವರು ಕಲಿತದ್ದನ್ನು ಮರೆಯಬೇಕು, ಬಾರದವರು ಹೊಸದಾಗಿ ಕಲಿಯಬೇಕು. ಯಾರ ಕೆಲಸ ಸುಲಭ ಎಂದು ನನಗೆ ಹೇಳಲಾಗದು.

ಇನ್ನು ದಿಕ್ಕು ತಪ್ಪುವ ವಿಷಯ. ಬಯಲುಸೀಮೆಯವರು ದಿಕ್ಕು ತಪ್ಪುವುದು ಅಪರೂಪ. ಮೊಳಕಾಲ್ಮೂರಿನ ಸುತ್ತ ಎಲ್ಲಿ ನಿಂತರೂ ನುಂಕೆಮಲೆಯೋ ಬ್ರಹ್ಮಗಿರಿಯೋ ಇನ್ನೊಂದು ಬಂಡೆಗುಡ್ಡವೋ ಕಣ್ಣಿಗೆ ಬಿದ್ದೇ ಬೀಳುತ್ತದೆ. ಗುರುತಿಗೆ ಗುಡ್ಡ, ಕಾಲಿಗೆ ನೆಲ. ನೀರಿನೊಳಗೆ ಈ ಎರಡೂ ಇಲ್ಲ. ನೆಲದ ಮೇಲೆ ನೆಟ್ಟಗೆ ನಿಂತಿದ್ದೇವೆಂದು ಮಿದುಳು ತಿಳಿಯುವುದು ಮೂರು ಕಡೆಯ ವರದಿ ಸೇರಿಸಿ: ಒಳಗಿವಿಯ ಸಮತೋಲದ ಅಂಗ, ಕಣ್ಣು, ಅಂಗಾಲಿನಿಂದ ಕತ್ತಿನವರೆಗೆ ಮಾಂಸಖಂಡಗಳ ಮೇಲೆ ಬೀಳುವ ಮೈಭಾರ. ನೀರು ಮೈಭಾರವನ್ನು ತಾನೇ ಹೊತ್ತುಕೊಳ್ಳುವುದರಿಂದ ಮೂರನೆಯ ವರದಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಕಣ್ಣಿನ ವರದಿ ಬರುತ್ತದೆ, ತಿರುಚಿಕೊಂಡು: ಮಾಸ್ಕಿನ ಗಾಜಿನೊಳಗಿಂದ ನೋಡಿದ ವಸ್ತು ಕಾಲುಭಾಗ ಹತ್ತಿರ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಅಂಗೈ ಅಗಲದ ಮೀನು ಅದಕ್ಕಿಂತ ದಪ್ಪಗೆ ಕಂಡು, ಮುಖಕ್ಕೇ ಬಂತೇನೋ ಅನ್ನಿಸುವುದು ಇದರಿಂದಲೇ. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ಸೋರಿಹೋಗಿ ಎಲ್ಲವೂ ಹಸಿರು ನೀಲಿ. ಸದ್ದಿನದು ಇನ್ನೂ ವಿಚಿತ್ರ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುವ ಸದ್ದು ನೀರಿನಲ್ಲಿ ಸುಮಾರು 1500 ಮೀಟರ್ ಓಡುತ್ತದೆ. ಎಡಗಿವಿಗೂ ಬಲಗಿವಿಗೂ ತಲುಪುವ ಹೊತ್ತಿನ ವ್ಯತ್ಯಾಸವೇ ಸದ್ದಿನ ದಿಕ್ಕು ಹೇಳುವುದರಿಂದ, ಆ ವ್ಯತ್ಯಾಸ ಕುಗ್ಗಿದಾಗ ದೋಣಿಯ ಎಂಜಿನ್ ಎಲ್ಲ ಕಡೆಯಿಂದಲೂ, ಕೆಲವೊಮ್ಮೆ ತಲೆಯೊಳಗಿನಿಂದಲೇ ಕೇಳಿದಂತಾಗುತ್ತದೆ. ‘ನನಗೇನೋ ಆಗುತ್ತಿದೆ’ ಎಂದು ಹೊಸಬರು ಬೆಚ್ಚುವುದು ಇಲ್ಲಿ. ಆಗುತ್ತಿರುವುದು ಎಲ್ಲರಿಗೂ ಆಗುವಂಥದ್ದೇ, ಇನ್‌ಸ್ಟ್ರಕ್ಟರ್‌ಗೂ ಆಗುತ್ತದೆ; ಅವರಿಗೆ ಅದು ಹಳೆಯ ಸುದ್ದಿ, ಅಷ್ಟೇ.

ತಲೆ ಸುತ್ತಿದಂತಾಗುವುದಕ್ಕೆ ಇನ್ನೊಂದು ಕಾರಣ ಕಿವಿಯ ಒತ್ತಡ. ನೀರಿನ ಒತ್ತಡ ಅತಿ ಹೆಚ್ಚು ಪ್ರಮಾಣದಲ್ಲಿ ಬದಲಾಗುವುದು ಮೇಲಿನ 10 ಮೀಟರಿನಲ್ಲೇ, ಅಂದರೆ ಹೊಸಬರು ಇರುವ ಆಳದಲ್ಲೇ. ಎರಡು ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ತಮಟೆ ಒಳಕ್ಕೆ ಬಾಗಿ ನೋಯತೊಡಗುತ್ತದೆ. ಮೂಗು ಒತ್ತಿ ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನ ಕಡೆ ಗಾಳಿ ಊದಿದರೆ ಗಂಟಲಿನಿಂದ ಕಿವಿಗೆ ಹೋಗುವ ನಳಿಕೆ ತೆರೆದು ‘ಟಪ್’ ಎನ್ನುತ್ತದೆ. 1704ರಲ್ಲಿ ಇಟಲಿಯ ಅಂಗರಚನಾ ತಜ್ಞ ವಲ್ಸಾಲ್ವಾ ಬರೆದಿಟ್ಟ ಉಪಾಯ ಇದು, ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಇದರ ಗುಟ್ಟು ಬಲದಲ್ಲಿಲ್ಲ, ಸಮಯದಲ್ಲಿದೆ. ನೋವು ಬಂದ ಮೇಲೆ ಊದುವುದಲ್ಲ, ನೋವು ಬರುವ ಮುಂಚೆ, ಪ್ರತಿ ಅರ್ಧ ಮೀಟರಿಗೆ ಒಮ್ಮೆ, ಮೆಲ್ಲಗೆ. ಕಾಲು ಕೆಳಗೆ, ತಲೆ ಮೇಲೆ ಇಟ್ಟು ಇಳಿದರೆ ಕಿವಿ ಬೇಗ ತೆರೆಯುತ್ತದೆ. ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಬೇಕು, ಜೋರಾಗಿ ಊದಬಾರದು. ಒಂದು ಕಿವಿ ತೆರೆದು ಇನ್ನೊಂದು ಕಟ್ಟಿಕೊಂಡಿದ್ದಾಗ, ಹೆಚ್ಚಾಗಿ ಮೇಲೆ ಬರುವಾಗ, ಎರಡು ನಡುಗಿವಿಗಳ ಒತ್ತಡ ಬೇರೆಬೇರೆಯಾಗಿ ಇಡೀ ಕಡಲು ಗಿರ್ರನೆ ತಿರುಗಿದಂತಾಗಬಹುದು. ಸಾಮಾನ್ಯವಾಗಿ ಅದು ಕೆಲವು ಸೆಕೆಂಡಿನ, ಹೆಚ್ಚೆಂದರೆ ಒಂದೆರಡು ನಿಮಿಷದ ಆಟ. ನಿಂತಲ್ಲೇ ನಿಂತು ಹಗ್ಗವನ್ನೋ ಇನ್‌ಸ್ಟ್ರಕ್ಟರ್ ತೋಳನ್ನೋ ಹಿಡಿದುಕೊಂಡರೆ ಒತ್ತಡ ಸಮವಾಗಿ ತಿರುಗಾಟ ನಿಲ್ಲುತ್ತದೆ. ಆಗ ಕೈಕಾಲು ಬಡಿದು ಮೇಲಕ್ಕೆ ಓಡಿದವರಿಗೇ ಅಪಾಯ. ನೆಗಡಿ ಇದ್ದ ದಿನ ಕಡಲಿಗೆ ಇಳಿಯಲೇಬಾರದು. ಮೂಗು ಕಟ್ಟಿದವರಿಗೆ ದುಡ್ಡು ಕಟ್ಟಿದ ಸಂಕಟ ಬೇರೆ ಇರುತ್ತದೆ, ಗೊತ್ತು. ಆದರೂ ಕಿವಿ ದುಡ್ಡಿಗಿಂತ ದುಬಾರಿ.

ಮೈಯ ವರದಿ ನಂಬುವಂತಿಲ್ಲ ಎಂದಾದರೆ ಯಾವುದನ್ನು ನಂಬಬೇಕು? ನೀರಿನೊಳಗೆ ಸುಳ್ಳು ಹೇಳದ ಸಾಕ್ಷಿಗಳು ಕೆಲವಿವೆ. ನಾವು ಬಿಟ್ಟ ಗಾಳಿಯ ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ಗುಳ್ಳೆ ಕೆನ್ನೆ ಸವರಿ ಕಿವಿಯ ಕಡೆ ಹೋಯಿತೆಂದರೆ ತಲೆ ಯಾವ ಕೋನದಲ್ಲಿದೆ ಎಂಬುದೂ ತಿಳಿಯುತ್ತದೆ. ಮಾಸ್ಕಿನೊಳಗೆ ಸೇರಿದ ಒಂದು ಗುಟುಕು ನೀರು ಯಾವಾಗಲೂ ಕೆಳಗಡೆಗೇ ನಿಲ್ಲುತ್ತದೆ. ಹೊಸಬರು ಶತ್ರುವೆಂದು ತಿಳಿಯುವ ಆ ನೀರು ಗಾರೆ ಕೆಲಸದವರ ಮಟ್ಟಗೋಲಿನ ಕೆಲಸವನ್ನೇ ಮಾಡುತ್ತದೆ. ಆಳ ತೋರಿಸುವ ಗೇಜಿನ ಅಂಕಿ ಬದಲಾಗದಿದ್ದರೆ ನಾವು ಮುಳುಗುತ್ತಲೂ ಇಲ್ಲ, ಏಳುತ್ತಲೂ ಇಲ್ಲ. ಲಂಗರಿನ ಹಗ್ಗ ಕೈಗೆ ಸಿಕ್ಕರೆ ಕಳೆದುಹೋದ ಮೂರನೆಯ ವರದಿ, ಮುಟ್ಟಿ ತಿಳಿಯುವ ವರದಿ, ವಾಪಸು ಬರುತ್ತದೆ. ಹಾಗಾಗಿ ಮೊದಲ ಡೈವಿನಲ್ಲಿ ಹಗ್ಗದ ಗುಂಟ ಇಳಿಸುವವರನ್ನೇ ಆರಿಸಿಕೊಳ್ಳುವುದು ಜಾಣತನ. ಹಗ್ಗವೂ ಇಲ್ಲದಿದ್ದರೆ ಒಂದು ಬಂಡೆ, ಒಂದು ಹವಳದ ಗುಡ್ಡೆ, ಇನ್‌ಸ್ಟ್ರಕ್ಟರ್‌ನ ಮಾಸ್ಕಿನೊಳಗಿನ ಕಣ್ಣು, ಯಾವುದಾದರೂ ಒಂದರ ಮೇಲೆ ನೋಟ ನಿಲ್ಲಿಸಬೇಕು, ಮುಟ್ಟಬಾರದು. ಬರೀ ನೀಲಿಯನ್ನು ದಿಟ್ಟಿಸಿದರೆ ಮಿದುಳಿಗೆ ಲೆಕ್ಕಕ್ಕೆ ಏನೂ ಸಿಗುವುದಿಲ್ಲ.

ಇದಕ್ಕೆಲ್ಲ ಊರಲ್ಲೇ ಮಾಡಬಹುದಾದ ತಯಾರಿ ಏನು? ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬು, ಸ್ನಾರ್ಕೆಲ್ ಎಂಬ ಬಾಗಿದ ಉಸಿರುಕೊಳವೆ, ಪಕ್ಕದಲ್ಲಿ ಮನೆಯವರೊಬ್ಬರು, ಇಷ್ಟು ಸಾಕು. ಮಾಸ್ಕ್ ಇಲ್ಲದೆ ಮುಖವನ್ನು ನೀರಿನಲ್ಲಿಟ್ಟು ಬಾಯಿಂದ ಉಸಿರಾಡಲು ನೋಡಿ. ಮೂಗಿಗೆ ನೀರು ತಾಕಿದ ಕೂಡಲೇ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಮುಖ ಎತ್ತಿಬಿಡುತ್ತೀರಿ. ಕಡಲಿನಲ್ಲಿ ಬಹುಪಾಲು ಹೊಸಬರನ್ನು ಸೋಲಿಸುವುದು ಈ ಸಹಜ ಪ್ರತಿಕ್ರಿಯೆಯೇ. ಹಿತ್ತಲಲ್ಲಿ ಅದರ ಪರಿಚಯವಾದರೆ ನೇತ್ರಾಣಿಯಲ್ಲಿ ಅದು ಹೊಸ ನೆಂಟನಲ್ಲ. ಮೂರು, ಐದು, ಹತ್ತು ಉಸಿರು ಎಂದು ಏರಿಸುತ್ತಾ ವಾರದೊಳಗೆ ಎರಡು ಮೂರು ನಿಮಿಷ ಮುಖ ನೀರಿನಲ್ಲಿಟ್ಟು ಬಾಯಿಂದ ಉಸಿರಾಡುವುದು ಅನೇಕರಿಗೆ ಸಾಧ್ಯವಾಗುತ್ತದೆ. ಎಣಿಕೆ ಹೀಗಿರಲಿ: ನಾಲ್ಕು ಎಣಿಸುತ್ತಾ ಒಳಕ್ಕೆ, ಆರು ಎಣಿಸುತ್ತಾ ಹೊರಕ್ಕೆ, ನಡುವೆ ಎಲ್ಲೂ ಕಟ್ಟದೆ. ಮೊಳಕಾಲ್ಮೂರಿನಲ್ಲಿ ಕುಣಿಮಗ್ಗದ ಮುಂದೆ ಕೂತವರಿಗೆ ಈ ಲಯ ಹೊಸದಲ್ಲ. ಲಾಳಿ ಆ ಕಡೆ ಹೋಗಬೇಕು, ಈ ಕಡೆ ಬರಬೇಕು, ನಡುವೆ ನಿಂತರೆ ಎಳೆ ಸಿಕ್ಕಾಗುತ್ತದೆ. ನಿಶ್ವಾಸ ಉದ್ದವಾದಾಗ ಎದೆಬಡಿತ ತುಸು ಇಳಿಯುವುದು ದೇಹದ ನರವ್ಯವಸ್ಥೆಯ ಗುಣ, ನಂಬಿಕೆಯ ಮಾತಲ್ಲ. ನಾಡಿ ಹಿಡಿದು ನೋಡಿಕೊಂಡರೆ ಯಾರಿಗೂ ತಿಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಜೋರುಜೋರಾಗಿ ಉಸಿರೆಳೆದು ಆಮೇಲೆ ದಮ್ಮು ಕಟ್ಟುವ ಪಂದ್ಯ ಬೇಡವೇ ಬೇಡ. ಹಾಗೆ ಮಾಡಿದಾಗ ಡೈಆಕ್ಸೈಡ್ ಇಳಿದು ಎಚ್ಚರಿಕೆಯ ಗಂಟೆಯೇ ಬಾರಿಸದೆ, ಆಮ್ಲಜನಕ ತೀರಾ ಇಳಿದು ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಎರಡನೆಯ ಹಂತ ಎದೆಮಟ್ಟದ ನೀರು, ಅದೂ ಹತ್ತಿರದ ದೊಡ್ಡ ಊರಿನ ಈಜುಕೊಳದಲ್ಲಿ, ಕಲಿಸುವವರ ಕಣ್ಣೆದುರು. ಅಲ್ಲಿ ಮಂಡಿ ಬಗ್ಗಿಸಿ ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಸಾಕು, ಎದೆಯ ಮೇಲೆ ನೀರಿನ ಒತ್ತಡ ಬಿದ್ದು, ಕಾಲಿನ ರಕ್ತ ಎದೆಗೆ ಸರಿದು, ಉಸಿರು ಭಾರವಾದಂತಾಗುತ್ತದೆ. ಇದು ರೋಗವಲ್ಲವೆಂದು ಒಮ್ಮೆ ಅರಿತರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಈ ಅಭ್ಯಾಸವನ್ನು ಕೃಷಿಹೊಂಡದಲ್ಲಿ ಮಾತ್ರ ಮಾಡಬೇಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಇಳಿಜಾರು ಪಾಚಿಗಟ್ಟಿದ ಮೇಲೆ ಈಜು ಬಲ್ಲವರಿಗೂ ಹತ್ತಲು ಬಾರದು, ಹಿಡಿಯಲು ಒಂದು ಗರಿಕೆಯೂ ಇರುವುದಿಲ್ಲ. ವೇದಾವತಿ ನದಿಯ ಬ್ಯಾರೇಜುಗಳೂ ಬೇಡ. 1933ರ ಬಳಿಕ 2022ರಲ್ಲಿ ಅದೇ ನದಿಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ಜನ ಸಂಭ್ರಮದಿಂದ ನೋಡಲು ನುಗ್ಗಿದರು, ಸರಿಯೇ. ಆದರೆ ಹೂಳು, ಸೆಳೆತ, ಮರಳು ತೆಗೆದ ಗುಂಡಿಗಳಿರುವ ನೀರು ಕಲಿಯುವ ಜಾಗವಲ್ಲ. ಈ ಸೀಮೆಯ ಹಿರಿಯರು ನೀರೆಂದರೆ ಮಕ್ಕಳನ್ನು ದೂರ ಅಟ್ಟುವುದು ಕಾರಣವಿಲ್ಲದೆ ಅಲ್ಲ. ಆ ಭಯವನ್ನು ಗೌರವಿಸಿಯೇ ಮುಂದೆ ಹೋಗಬೇಕು.

‘ಇಷ್ಟೆಲ್ಲ ತಿಳಿದುಕೊಂಡರೆ ಭಯ ಇನ್ನೂ ಹೆಚ್ಚುವುದಿಲ್ಲವೇ? ಇನ್‌ಸ್ಟ್ರಕ್ಟರ್ ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ, ಏನೂ ಗೊತ್ತಿಲ್ಲದೆ ಹೋಗುವುದೇ ಒಳ್ಳೆಯದು’ ಎಂಬ ಆಕ್ಷೇಪ ಬರುತ್ತದೆ. ಶ್ವಾಸಕೋಶ ಹರಿಯುತ್ತದೆ ಎಂದು ಓದಿದವರಿಗೆ ಕ್ಷಣಕಾಲ ಮೈ ಜುಂ ಅನ್ನುವುದು ನಿಜ. ಆದರೆ ಇನ್‌ಸ್ಟ್ರಕ್ಟರ್ ಹಿಡಿಯಬಲ್ಲದ್ದು ಸಿಲಿಂಡರನ್ನು, ನಮ್ಮ ಗಂಟಲನ್ನಲ್ಲ. ಉಸಿರು ಕಟ್ಟಿಕೊಂಡವರ ಬಾಯಿಯನ್ನು ಹೊರಗಿನಿಂದ ಬಿಡಿಸಲು ಯಾರಿಗೂ ಸಾಧ್ಯವಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ರೀಡಾ ಮನೋವಿಜ್ಞಾನಿ ವಿಲಿಯಂ ಮಾರ್ಗನ್ 1995ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ ಹವ್ಯಾಸಿ ಡೈವರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ದಿಗಿಲನ್ನೋ ಅದರ ಅಂಚನ್ನೋ ಕಂಡವರು. ಇವರು ತರಬೇತಿ ಪಡೆದವರು! ಅಂದಮೇಲೆ ದಿಗಿಲು ಬಾರದಂತೆ ನೋಡಿಕೊಳ್ಳುತ್ತೇನೆ ಎಂಬ ಭರವಸೆ ಯಾರು ಕೊಟ್ಟರೂ ಪೊಳ್ಳು. ಬಂದಾಗ ಏನು ಮಾಡಬೇಕೆಂದು ಗೊತ್ತಿದ್ದವರೇ ವಾಸಿ. ಹಣ ಕಟ್ಟುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳೂ ಇದರಿಂದಲೇ ಹುಟ್ಟುತ್ತವೆ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಕಡಲಿಗೆ ಹೋಗುವ ಮೊದಲು ಈಜುಕೊಳದಲ್ಲಿ ಅಭ್ಯಾಸ ಉಂಟೇ? ಮಾಸ್ಕಿನ ನೀರು ತೆಗೆಯುವುದನ್ನು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಮತ್ತೆ ಹಾಕಿಕೊಳ್ಳುವುದನ್ನು ಕಲಿಸುತ್ತಾರೆಯೇ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ‘ಅದೆಲ್ಲ ಏನೂ ಬೇಡ ಸಾರ್, ಸುಮ್ನೆ ಬನ್ನಿ’ ಎಂಬ ಉತ್ತರ ಬಂದಲ್ಲಿ ಸುಮ್ಮನೆ ಹೋಗದಿರುವುದೇ ಮೇಲು.

ಇನ್ನೂ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮಾರ್ಗನ್ ಮತ್ತು ಜೊತೆಗಾರರು ಹೊಸ ಕಲಿಕೆಯವರ ಸ್ವಭಾವದ ಆತಂಕವನ್ನು ಮೊದಲೇ ಅಳೆದು, ಯಾರು ನೀರಿನಲ್ಲಿ ದಿಗಿಲುಗೊಳ್ಳುತ್ತಾರೆಂದು ಬಹುಪಾಲು ಸರಿಯಾಗಿ ಊಹಿಸಿದ್ದರು. ಹಾಗಾದರೆ ಹುಟ್ಟಾ ಆತಂಕದವರಿಗೆ ಉಸಿರಿನ ಅಭ್ಯಾಸ ಏನು ಮಾಡೀತು? ನನ್ನ ಉತ್ತರ: ಊಹೆ ಹೇಳುವುದು ಯಾರಿಗೆ ಹೆಚ್ಚು ಅಭ್ಯಾಸ ಬೇಕೆಂಬುದನ್ನು, ಯಾರು ಮನೆಯಲ್ಲಿರಬೇಕೆಂಬುದನ್ನಲ್ಲ. ಅಂಥವರಿಗೆ ಒಂದು ದಿನದ ಡೈವಿಗಿಂತ ಮೂರು ನಾಲ್ಕು ದಿನದ ಕೋರ್ಸು ಒಳ್ಳೆಯದು, ಏಕೆಂದರೆ ಅಲ್ಲಿ ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡಲು ಹೊತ್ತಿದೆ. ಆದರೆ ಒಂದು ಗೆರೆ ಎಳೆಯಲೇಬೇಕು. ಗಾಬರಿ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿರುವವರು, ಆಸ್ತಮಾ, ಹೃದ್ರೋಗ, ಮೂರ್ಛೆರೋಗ ಇರುವವರು, ಕಿವಿ ಆಪರೇಷನ್ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಇಳಿಯುವಂತಿಲ್ಲ, ಗರ್ಭಿಣಿಯರಂತೂ ಇಳಿಯಲೇಬಾರದು. ಕೊಟ್ಟ ವೈದ್ಯಕೀಯ ಫಾರ್ಮಿನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುವ ಚಾಳಿ ನಮ್ಮಲ್ಲಿದೆ. ರೇಷನ್ ಕಾರ್ಡಿನ ಅರ್ಜಿ ತುಂಬಿದ ಹಾಗೆ ಇದನ್ನು ತುಂಬಬಾರದು. ಭಯ ಕಳೆಯಲೆಂದು ಒಂದು ಪೆಗ್ಗೋ ನಿದ್ದೆ ಮಾತ್ರೆಯೋ ಹಾಕಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು.

ಹೋಗುವ ಕಾಲ ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ಸುಮಾರು ಅಕ್ಟೋಬರಿನಿಂದ ಮೇ ತನಕ. ದೋಣಿ ಪ್ರಯಾಣ ಒಂದು ಗಂಟೆಗೂ ಮೀರಬಹುದು, ನೆಲದವರ ಹೊಟ್ಟೆಗೆ ಅದೇ ಮೊದಲ ಪರೀಕ್ಷೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ಜಿನುಗುವ ಬೋಂಡಾವೂ ಬೇಡ, ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ನಿದ್ದೆ ತರಿಸದಂಥದ್ದನ್ನು ಹೊರಡುವ ಮೊದಲೇ ತೆಗೆದುಕೊಳ್ಳಿ. ಮೊಬೈಲ್ ನೋಡದೆ ದಿಗಂತ ನೋಡಿ. ಕನ್ನಡಕದವರು ಪವರ್ ಇರುವ ಮಾಸ್ಕ್ ಇದೆಯೇ ಎಂದು ಮೊದಲೇ ವಿಚಾರಿಸಬೇಕು, ಮಂಜಾದ ಲೋಕ ಆತಂಕಕ್ಕೆ ತುಪ್ಪ ಸುರಿಯುತ್ತದೆ. ಹುರಿ ಮೀಸೆಯವರಿಗೂ ಒಂದು ಮಾತು: ಮೂಗಿನ ಬುಡದಲ್ಲಿ ಮಾಸ್ಕ್ ಅಂಟುವಷ್ಟು ಜಾಗವನ್ನು ಬೋಳಿಸಿಕೊಂಡರೆ ನೀರು ಸೋರುವುದು ಕಡಿಮೆಯಾಗುತ್ತದೆ. ಮೀಸೆಯ ಮಾನ ಹೋಗದು, ತುದಿಗಳು ಹಾಗೇ ಇರುತ್ತವೆ. ಸೋರಿದರೂ ಭಯವಿಲ್ಲ. ಮುಖ ತುಸು ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಬೆರಳಿನಿಂದ ಹಣೆಗೆ ಒತ್ತಿ, ಮೂಗಿನಿಂದ ‘ಹುಂ’ ಎಂದು ಗಾಳಿ ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಇಲ್ಲೂ ಕೆಲಸ ಮಾಡಿದ್ದು ನಿಶ್ವಾಸವೇ.

ನೀರಿನೊಳಗೆ ಮಾತಿಲ್ಲ, ಕೈಸನ್ನೆಯಷ್ಟೇ. ಅದರಲ್ಲಿ ನಮ್ಮವರು ಎಡವುವ ಜಾಗ ಒಂದು: ಹೆಬ್ಬೆಟ್ಟು ಎತ್ತಿದರೆ ಊರಲ್ಲಿ ‘ಸೂಪರ್’ ಎಂದರ್ಥ, ಅಲ್ಲಿ ‘ನನ್ನನ್ನು ಮೇಲೆ ಕರೆದೊಯ್ಯಿ’ ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆಟ್ಟು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಏನೋ ಸರಿಯಿಲ್ಲ ಎನ್ನಲು ಅಂಗೈ ಚಾಚಿ ಅತ್ತಿತ್ತ ಅಲ್ಲಾಡಿಸಿ, ಕಿವಿಯೋ ಮಾಸ್ಕೋ ತೊಂದರೆಯ ಜಾಗ ತೋರಿಸಬೇಕು. ದಿಗಿಲು ಏರುತ್ತಿದೆ ಅನ್ನಿಸಿದ ಕ್ಷಣ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ಕಾಲು ಬಡಿಯುವುದನ್ನು ನಿಲ್ಲಿಸಿ. ಇನ್‌ಸ್ಟ್ರಕ್ಟರ್ ತೋಳು ಹಿಡಿದು, ಎದೆ ಖಾಲಿಯಾಗುವವರೆಗೆ ಗಾಳಿ ಬಿಡಿ, ಗುಳ್ಳೆಯ ಸದ್ದು ಕೇಳಿಸಿಕೊಳ್ಳಿ. ಒಳಕ್ಕೆ ಎಳೆಯುವ ಚಿಂತೆ ಬೇಡ, ಖಾಲಿಯಾದ ಎದೆ ತಾನೇ ತುಂಬಿಕೊಳ್ಳುತ್ತದೆ. ಇಂಥ ಮೂರು ನಾಲ್ಕು ಉಸಿರಿನೊಳಗೆ ಅನೇಕರಿಗೆ ಮನಸ್ಸು ತಿಳಿಯಾಗುತ್ತದೆ. ಆಗದಿದ್ದರೆ ಹೆಬ್ಬೆಟ್ಟು ಎತ್ತಿ, ಜೊತೆಯಲ್ಲೇ, ತಮ್ಮ ಅತಿ ಸಣ್ಣ ಗುಳ್ಳೆ ಏರುವ ವೇಗವನ್ನೂ ಮೀರದೆ, ಉಸಿರಾಡುತ್ತಲೇ ಮೇಲೆ ಬನ್ನಿ. ಹಾಗೆ ಬಂದವರು ಸೋತವರಲ್ಲ. ಯಾವ ಹಂತದಲ್ಲಾದರೂ, ಯಾರಿಗಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸುವ ಹಕ್ಕಿದೆ ಎಂಬುದು ಅನುಭವಿ ಡೈವರ್‌ಗಳ ನಡುವಿನ ಕಟ್ಟಳೆ, ‘ಅಷ್ಟು ದುಡ್ಡು ಕೊಟ್ಟು ವಾಪಸ್ ಬಂದ್ಯಾ’ ಎಂದು ದೋಣಿಯಲ್ಲಿ ನಗುವವರಿಗೆ ಅದು ಗೊತ್ತಿರುವುದಿಲ್ಲ.

ಮೇಲೆ ಬಂದಾಗ ಎಲ್ಲ ಮುಗಿಯಿತೆಂದು ತಿಳಿಯುವುದು ಕೊನೆಯ ತಪ್ಪು. ಆಕಾಶ ಕಂಡ ಖುಷಿಗೆ ರೆಗ್ಯುಲೇಟರ್ ಉಗಿದು, ಮಾಸ್ಕ್ ಹಣೆಗೇರಿಸಿದ ಹೊತ್ತಿಗೇ ಒಂದು ಅಲೆ ಬಂದು ಬಾಯಿ ಮೂಗಿಗೆ ಉಪ್ಪುನೀರು ನುಗ್ಗಿ, ಕೆಳಗೆ ಬಾರದ ದಿಗಿಲು ಮೇಲೆ ಬರುತ್ತದೆ. ಮೈಮೇಲಿನ ಡೈವಿಂಗ್ ಜಾಕೆಟ್ಟಿಗೆ ಗಾಳಿ ತುಂಬಿ ಮೈ ತಾನಾಗಿ ತೇಲುವ ತನಕ, ದೋಣಿಯ ಏಣಿ ಕೈಗೆ ಸಿಗುವ ತನಕ, ರೆಗ್ಯುಲೇಟರ್, ಮಾಸ್ಕ್ ಎರಡೂ ಇದ್ದಲ್ಲೇ ಇರಲಿ. ಆ ದಿನ ನೀರು ಚೆನ್ನಾಗಿ ಕುಡಿದು ರಾತ್ರಿ ಮುರುಡೇಶ್ವರದಲ್ಲೇ ಉಳಿಯುವುದು ಲೇಸು. ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಕಾಯಬೇಕೆಂಬ ನಿಯಮವಿದೆ, ಘಟ್ಟಕ್ಕೂ ಅದೇ ಲೆಕ್ಕ ಇಟ್ಟುಕೊಂಡರೆ ನಷ್ಟವಿಲ್ಲ. ಮರುದಿನ ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಬಸ್ಸು ಮೇಲೇರುವಾಗ ಕಿವಿ ಮತ್ತೆ ಗುಂಯ್ ಎಂದರೆ ಗಾಬರಿ ಬೇಡ. ಹೊರಗಿನ ಒತ್ತಡ ಈಗ ಕಡಿಮೆಯಾಗುತ್ತಿದೆ, ಒಳಗಿನ ಗಾಳಿ ಹೊರಬರಲು ದಾರಿ ಕೇಳುತ್ತಿದೆ. ಒಮ್ಮೆ ಬಾಯಿ ತುಂಬ ಆಕಳಿಸಿದರೆ ಸಾಕು.